ಮಳೆನೀರಿನ ಟಾಕಿ ಕೊಡಬೇಡಿ, ಕಟ್ಟುವುದು ಕಲಿಸಿ: ಜಿಲ್ಲಾ ಪಂಚಾಯಿತಿಗೆ ಒಬ್ಬ ಗೌಂಡಿಯ ಬಹಿರಂಗ ಪತ್ರ

ವಿಜಯಪುರ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ, ಹಾಗೂ ಇದನ್ನು ಓದುವ ಎಲ್ಲ ಗ್ರಾಮ ಪಂಚಾಯಿತಿ ಸದಸ್ಯರಿಗೆ,

ನಮಸ್ಕಾರ.

ನಾನೊಬ್ಬ ಗೌಂಡಿ. ಡೋಣಿ ನದಿ ದಂಡೆಯ ಎರೆ ಭೂಮಿಯ ಊರಿನವನು. ಇಪ್ಪತ್ತಾರು ವರ್ಷದಿಂದ ಕರಣಿ ಹಿಡಿದಿದ್ದೇನೆ. ಅದರಲ್ಲಿ ಒಂಬತ್ತು ವರ್ಷ ಗೋವಾದಲ್ಲಿ ಕಳೆದೆ. ನನಗೆ ಅರ್ಜಿ ಬರೆದು ಅಭ್ಯಾಸವಿದೆ, ಪತ್ರ ಬರೆದು ಇಲ್ಲ. ಆದರೆ ಅರ್ಜಿ ಕೊಟ್ಟರೆ ಅದರ ಮೇಲೆ ನಂಬರ್ ಬಿದ್ದು ಕಪಾಟಿನಲ್ಲಿ ಕೂತುಬಿಡುತ್ತದೆ. ಹಾಗಾಗಿ ಎಲ್ಲರ ಕಣ್ಣಿಗೂ ಬೀಳಲಿ ಅಂತ ಹೀಗೆ ಬರೆಯುತ್ತಿದ್ದೇನೆ. ನಾನು ಹೇಳುತ್ತಾ ಹೋದದ್ದನ್ನು ಕಾಲೇಜಿಗೆ ಹೋಗುವ ನನ್ನ ಮಗಳು ತಿದ್ದಿದ್ದಾಳೆ. ತಪ್ಪಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ.

ಹೋದ ಗ್ರಾಮಸಭೆಯಲ್ಲಿ ಒಂದು ಮಾತು ಬಂತು. ಊರಿಗೆ ಮಳೆನೀರಿನ ಟಾಕಿಗಳು ಬರುತ್ತವೆ ಅಂದರು. ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆಗ ಹಿಂದೆ ಕೂತಿದ್ದ ಒಬ್ಬ ಮುದುಕಿ ಎದ್ದು, "ಯಾರು ಕಟ್ಟತಾರ?" ಅಂತ ಕೇಳಿದಳು. "ಟೆಂಡರ್ ಆಗ್ತೈತಬೇ, ಕಂಟ್ರಾಕ್ಟರ್ ಬರ್ತಾನ" ಅಂದರು. "ಒಡದ್ರ ಯಾರು ಬರ್ತಾರ?" ಅಂದಳು. ಅದಕ್ಕೆ ಯಾರೂ ಬಾಯಿ ಬಿಡಲಿಲ್ಲ. ಸಭೆ ಬೀದಿ ದೀಪದ ವಿಷಯಕ್ಕೆ ಹೋಯಿತು.

ನಾನು ಬರೆಯುತ್ತಿರುವುದು ಮುದುಕಿಯ ಆ ಎರಡನೇ ಪ್ರಶ್ನೆಯ ಬಗ್ಗೆ.

ನಮ್ಮ ಕಡೆಯ ಒಂದು ಶಾಲೆಯಲ್ಲಿ ಎಷ್ಟೋ ವರ್ಷದ ಹಿಂದೆ ಮಳೆನೀರಿನ ಟಾಕಿ ಕೂರಿಸಿದರು. ಶಾಲೆಯ ಹೆಸರು ಬೇಡ. ಚಾವಣಿಯಿಂದ ಪೈಪು, ಪೈಪಿಗೆ ಜಾಳಿಗೆ, ಕೆಳಗೆ ಟಾಕಿ, ಟಾಕಿಗೆ ನಲ್ಲಿ. ಎಲ್ಲ ಇತ್ತು. ಎರಡನೇ ಮಳೆಗಾಲದಲ್ಲಿ ಪೈಪಿನ ಒಂದು ಬಾಗು ಕಳಚಿ ಬಿತ್ತು. ಅಂಗಡಿಯಲ್ಲಿ ನೂರು ರೂಪಾಯಿ ಒಳಗೆ ಸಿಗುವ ಸಾಮಾನು ಅದು. ಅದನ್ನು ಯಾರು ಹಾಕಬೇಕು? ಹೆಡ್ ಮಾಸ್ತರರು ಕಂಟ್ರಾಕ್ಟರ್‌ಗೆ ಫೋನ್ ಹಚ್ಚಿದರು. ಅವನು ಬೇರೆ ಜಿಲ್ಲೆಯವನು, ಬಿಲ್ ಪಾಸಾಗಿ ವರ್ಷವಾಗಿತ್ತು. ಊರಿನವರು "ಸರ್ಕಾರದ್ದು, ನಾವು ಮುಟ್ಟಿ ಏನಾದರೂ ಆದರೆ?" ಅಂತ ಸುಮ್ಮನಾದರು. ನಾನು ಆಗ ಗೋವಾದಲ್ಲಿದ್ದೆ. ರಜೆಗೆ ಬಂದಾಗ ನೋಡಿದೆ, ಹುಡುಗರು ಆ ಟಾಕಿಗೆ ಸ್ಟಂಪ್ ಬರೆದು ಕ್ರಿಕೆಟ್ ಆಡುತ್ತಿದ್ದರು.

ಕಂಟ್ರಾಕ್ಟರ್‌ನನ್ನು ನಾನು ಬಯ್ಯುತ್ತಿಲ್ಲ. ಅವನಿಗೆ ಕೊಟ್ಟ ಕೆಲಸ ಅವನು ಮಾಡಿದ. ಕಟ್ಟುವುದನ್ನು ಊರಿನವರು ಯಾರೂ ನೋಡಿರಲಿಲ್ಲ, ಕೈ ಹಾಕಿರಲಿಲ್ಲ. ಒಳಗೆ ಏನಿದೆ ಅಂತ ಗೊತ್ತಿಲ್ಲದ ವಸ್ತುವನ್ನು ಯಾರು ತಾನೇ ರಿಪೇರಿ ಮಾಡುತ್ತಾರೆ?

ಇನ್ನು ಟಾಕಿ ಬೇಕೇ ಬೇಕಾ ಅಂತ ಕೇಳಬಹುದು. 2019ರಲ್ಲಿ ಶುರುವಾದ ಜಲಜೀವನ ಯೋಜನೆಯಲ್ಲಿ ಮನೆಮನೆಗೆ ನಲ್ಲಿ ಬಂತಲ್ಲ, ತಲೆಗೆ ದಿನಕ್ಕೆ 55 ಲೀಟರ್ ಲೆಕ್ಕ ಇದೆಯಲ್ಲ ಅನ್ನಬಹುದು. ನಲ್ಲಿ ಬಂದದ್ದು ಒಳ್ಳೆಯದೇ ಆಯಿತು. ಬಟ್ಟೆಗೆ, ಪಾತ್ರೆಗೆ, ದನಕ್ಕೆ ಆ ನೀರು ಬೇಕೇ ಬೇಕು. ನಾನು ಹೇಳುತ್ತಿರುವುದು ಕುಡಿಯುವ ಮತ್ತು ಅಡುಗೆಯ ನೀರಿನ ಮಾತು. ಡೋಣಿ ಬೆಳೆದರೆ ಓಣಿ ತುಂಬ ಜೋಳ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಅದು ಜೋಳದ ಮಾತು. ಡೋಣಿಯ ನೀರು ಸವಳು, ಬಾಯಿಗಿಟ್ಟವರಿಗೇ ಗೊತ್ತು. ಬೋರ್ ಹೊಡೆಸಿದರೆ ಎಷ್ಟೋ ಊರಲ್ಲಿ ಫ್ಲೋರೈಡ್. ಒಂದು ಲೀಟರ್ ನೀರಿನಲ್ಲಿ ಅದು 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಅಂತ ಸರ್ಕಾರದ ಮಾನಕವೇ ಹೇಳುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಮೊದಲು ಮಕ್ಕಳ ಹಲ್ಲು ಕಂದಾಗುತ್ತವೆ. ಆಮೇಲೆ ದೊಡ್ಡವರ ಮೊಣಕಾಲು, ಬೆನ್ನು ಸೆಟೆಯುತ್ತವೆ. ಕುದಿಸಿದರೆ ಹೋಗುವಂಥದ್ದಲ್ಲ ಅದು. ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ ಅಷ್ಟೇ. ಶುದ್ಧ ನೀರಿನ ಘಟಕ ಕೆಟ್ಟ ದಿನ ನಮ್ಮ ಹೆಣ್ಣುಮಕ್ಕಳು ಕ್ಯಾನ್ ಹಿಡಿದು ಪಕ್ಕದೂರಿಗೆ ಹೋಗುತ್ತಾರೆ.

ಮಳೆ ನೀರಿನಲ್ಲಿ ಫ್ಲೋರೈಡ್ ಚಿಂತೆ ಇಲ್ಲ. ಆ ನೀರು ನೆಲದೊಳಗಿನ ಕಲ್ಲು ಮುಟ್ಟುವ ಮೊದಲೇ ನಮ್ಮ ಚಾವಣಿ ಮುಟ್ಟುತ್ತದೆ.

ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇಷ್ಟು ಗೊತ್ತಿದ್ದರೆ ಸಾಕು. ಇಪ್ಪತ್ತು ಅಡಿಗೆ ಇಪ್ಪತ್ತೈದು ಅಡಿಯ ಆರ್‌ಸಿಸಿ ಮನೆ ಅಥವಾ ಪತ್ರಾಸ್ ಮನೆ ಅಂದರೆ ಸುಮಾರು 46 ಚದರ ಮೀಟರ್. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಆಸುಪಾಸು ಮಳೆ. ಸಿಡಿದದ್ದು, ಇಂಗಿದ್ದು, ಮೊದಲ ಮಳೆಯಲ್ಲಿ ಬಿಟ್ಟದ್ದು ಅಂತ ಐದರಲ್ಲಿ ಒಂದು ಪಾಲು ತೆಗೆದರೂ 22 ಸಾವಿರ ಲೀಟರ್ ಕೈಗೆ ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 40 ಲೀಟರ್ ಹಿಡಿಯಿರಿ. ಮಳೆ ನಿಂತ ಅಕ್ಟೋಬರ್ ಕೊನೆಯಿಂದ ಮುಂದಿನ ಜೂನ್ ಮಧ್ಯದವರೆಗೆ 225 ದಿನ. ಒಟ್ಟು 9 ಸಾವಿರ ಲೀಟರ್. ಅಂದರೆ 10 ಸಾವಿರ ಲೀಟರಿನ ಒಂದು ಟಾಕಿ ತುಂಬಿದರೆ ಬೇಸಿಗೆ ದಾಟಿತು. 2023ರಂಥ ವರ್ಷ ಬಂದರೆ? ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಹೇಳಿತು. ಮಳೆ ಅರ್ಧ ಬಿದ್ದರೂ ಆ ಚಾವಣಿಯಿಂದ 11 ಸಾವಿರ ಲೀಟರ್ ಇಳಿಯುತ್ತದೆ. ಟಾಕಿ ಆಗಲೂ ತುಂಬುತ್ತದೆ.

ಒಂದು ಮಾತು ಸೇರಿಸಬೇಕು. ಹಳೇ ಮಣ್ಣಿನ ಮಾಳಿಗೆ ಮನೆಗಳಿಗೆ ಇದು ಆಗುವುದಿಲ್ಲ. ಮಣ್ಣು ತೊಳೆದು ಬಂದ ನೀರು ಕುಡಿಯಲು ಬರುವುದಿಲ್ಲ. ಅಂಥ ಮನೆಯವರಿಗೆ ಪಕ್ಕದ ಗುಡಿ, ಸಮುದಾಯ ಭವನ, ಅಂಗನವಾಡಿಯ ಚಾವಣಿ ನೋಡಬೇಕಾಗುತ್ತದೆ.

ಈಗ ನನ್ನ ಸ್ವಂತ ತಪ್ಪಿನ ಕತೆ ಹೇಳಬೇಕು. ಇದನ್ನು ಹೇಳದೆ "ಕಲಿಸಿ, ಕಲಿಸಿ" ಅಂದರೆ ನಿಮಗೆ ಅರ್ಥವಾಗಲಿಕ್ಕಿಲ್ಲ.

ಗೋವಾದಲ್ಲಿ ಒಂದು ತೋಟದ ಮನೆಯ ಕೆಲಸದಲ್ಲಿ ನಾನು ಮೊದಲ ಬಾರಿಗೆ ಫೆರೋಸಿಮೆಂಟ್ ಟಾಕಿ ನೋಡಿದೆ. ಇಟ್ಟಂಗಿ ಇಲ್ಲ, ದಪ್ಪ ಕಾಂಕ್ರೀಟ್ ಇಲ್ಲ. ನೆಟ್ಟಗೆ ನಿಲ್ಲುವ ಕಬ್ಬಿಣದ ಜಾಳಿಗೆ, ಅದರ ಎರಡೂ ಕಡೆ ಕೋಳಿ ಜಾಳಿಗೆ, ಅದರ ಮೇಲೆ ಒಂದಕ್ಕೆ ಮೂರರ ಸಿಮೆಂಟ್ ಉಸುಕಿನ ಗಾರೆ. ಗೋಡೆ ಒಂದೂವರೆ ಇಂಚು ಅಷ್ಟೇ. ನನಗೆ ನಂಬಿಕೆ ಬರಲಿಲ್ಲ. ಇಷ್ಟು ತೆಳ್ಳಗಿನ ಗೋಡೆ ಹತ್ತು ಸಾವಿರ ಲೀಟರ್ ಹಿಡಿಯುತ್ತದೆಯೇ ಅಂತ. ಅಲ್ಲಿನ ಮೇಸ್ತ್ರಿ ನಕ್ಕು, "ದುಂಡಗಿದ್ದದ್ದಕ್ಕೆ ಹಿಡಿಯುತ್ತದೆ, ಚೌಕ ಕಟ್ಟಿದ್ದರೆ ಮೂಲೆಯಲ್ಲಿ ಒಡೆಯುತ್ತಿತ್ತು" ಅಂದ. 1848ರಲ್ಲೇ ಫ್ರಾನ್ಸಿನಲ್ಲಿ ಲ್ಯಾಂಬೋ ಅನ್ನುವವನು ಇದೇ ಥರ ತಂತಿ ಜಾಳಿಗೆಗೆ ಸಿಮೆಂಟ್ ಮೆತ್ತಿ ನೀರಿನ ಮೇಲೆ ಓಡುವ ನಾವೆ ಮಾಡಿದ್ದನಂತೆ. ಮಗಳು ಓದಿ ಹೇಳಿದಳು. ಅವನು ನೀರು ಒಳಗೆ ಬರದ ಹಾಗೆ ಮಾಡಿದ, ನಾವು ಹೊರಗೆ ಹೋಗದ ಹಾಗೆ ಮಾಡುತ್ತೇವೆ.

ಊರಿಗೆ ಬಂದ ವರ್ಷವೇ ನಮ್ಮ ಹಿತ್ತಲಲ್ಲಿ ಒಂದು ಕಟ್ಟಿದೆ. ಗೋವಾದಲ್ಲಿ ಕಟ್ಟಿದ್ದ ಹಾಗೇ ಕಟ್ಟಿದೆ. ಅದೇ ತಪ್ಪು. ಅಲ್ಲಿ ಕೆಂಪು ಕಲ್ಲಿನ ನೆಲ. ಇಲ್ಲಿ ಎರೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಹೊಲದ ಬಿರುಕಿಗೆ ದನದ ಕಾಲು ಸಿಕ್ಕು ಮುರಿಯುತ್ತದೆ, ಇದು ಇಲ್ಲಿಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ನನಗೂ ಗೊತ್ತಿತ್ತು. ಮನೆ ಕಟ್ಟುವಾಗ ಪಾಯ ಗರಸು, ಅಂದರೆ ಹರಳು ಮಣ್ಣು, ಹತ್ತುವವರೆಗೆ ತೆಗೆಯುತ್ತೇವೆ. ಆದರೆ ಟಾಕಿ ಸಣ್ಣದಲ್ಲವಾ, ಹಗುರವಲ್ಲವಾ ಅಂತ ಒಂದಡಿ ಕೆರೆದು ಕಟ್ಟಿಬಿಟ್ಟೆ. ಹತ್ತು ಸಾವಿರ ಲೀಟರ್ ಅಂದರೆ ಹತ್ತು ಟನ್ ಭಾರ ಅನ್ನುವುದು ಆಗ ತಲೆಗೆ ಬರಲಿಲ್ಲ. ಮೊದಲ ಮಳೆಗೆ ತುಂಬಿತು. ಇಡೀ ಓಣಿಯವರು ಬಂದು ನೋಡಿದರು. ಫೆಬ್ರುವರಿಯಲ್ಲಿ ಒಂದು ಬೆಳಿಗ್ಗೆ ಹಿತ್ತಲಲ್ಲಿ ಕೆಸರು. ತಳ ಕೂದಲೆಳೆಯಷ್ಟು ಸೀಳಿತ್ತು. ಸಿಮೆಂಟ್ ನೀರು ಬಳಿದೆ. ಮತ್ತೆ ಸೀಳಿತು. ಮೇ ಹೊತ್ತಿಗೆ ಬೆರಳು ಹೋಗುವಷ್ಟಾಯಿತು. ನನ್ನ ಹೆಂಡತಿ ಈಗ ಅದರಲ್ಲಿ ಕುಳ್ಳು (ಬೆರಣಿ) ತುಂಬಿಡುತ್ತಾಳೆ. ಮಳೆಗೆ ತೋಯುವುದಿಲ್ಲ ನೋಡಿ, ಅಷ್ಟರ ಮಟ್ಟಿಗೆ ಕೆಲಸಕ್ಕೆ ಬಂತು.

ಎರಡನೆಯದನ್ನು ಸರಿಯಾಗಿ ಕಟ್ಟಿದೆ. ಟಾಕಿಯ ಅಗಲಕ್ಕಿಂತ ಸುತ್ತಲೂ ಎರಡು ಅಡಿ ಜಾಸ್ತಿ ಬಿಟ್ಟು ಎರೆ ತೆಗೆದೆ. ಮೂರು ಅಡಿ ಗರಸು ತುಂಬಿದೆ. ಒಮ್ಮೆಗೇ ತುಂಬಲಿಲ್ಲ. ಅರ್ಧ ಅಡಿ ಹಾಕಿ, ನೀರು ಹೊಡೆದು, ದಮ್ಮಸು ಬಡಿದು, ಮತ್ತೆ ಅರ್ಧ ಅಡಿ. ತುಂಬಿ ಹೊರಚೆಲ್ಲುವ ನೀರು ಬುಡಕ್ಕೆ ಇಳಿಯದ ಹಾಗೆ ಪೈಪು ಹಾಕಿ ದೂರದ ನುಗ್ಗೆ ಗಿಡಕ್ಕೆ ಬಿಟ್ಟೆ. ಸುತ್ತ ಕಟ್ಟೆ ಮಾಡಿದೆ. ಎಂಟೂವರೆ ಅಡಿ ಅಗಲ, ಆರೂಕಾಲು ಅಡಿ ಎತ್ತರ, ಹದಿನಾಲ್ಕು ಚೀಲ ಸಿಮೆಂಟ್. ಏಳನೇ ಬೇಸಿಗೆ ನಡೆದಿದೆ, ತೊಟ್ಟು ನೀರು ಸೋರಿಲ್ಲ.

ಈ ಎರಡು ಟಾಕಿಗಳ ನಡುವಿನ ವ್ಯತ್ಯಾಸ ಯಾವ ಪುಸ್ತಕದಲ್ಲೂ ನನಗೆ ಸಿಗುತ್ತಿರಲಿಲ್ಲ. ಇಂಡಿ ಕಡೆಯ ನೆಲ ಬೇರೆ, ತಿಕೋಟಾ ಕಡೆಯದು ಬೇರೆ, ಕೃಷ್ಣಾ ದಂಡೆಯದು ಬೇರೆ. ಬೆಂಗಳೂರಿನಲ್ಲಿ ಕೂತು ಬರೆದ ಒಂದೇ ನಕ್ಷೆ ಹಿಡಿದು ಇಡೀ ಜಿಲ್ಲೆಗೆ ಟಾಕಿ ಕೂರಿಸಿದರೆ ನನ್ನ ಕುಳ್ಳಿನ ಟಾಕಿಯಂಥವು ನೂರಾರು ಆಗುತ್ತವೆ. ಊರಿನ ನೆಲ ಊರಿನ ಗೌಂಡಿಗೆ ಗೊತ್ತು, ಟಾಕಿಯ ಕೆಲಸ ಗೊತ್ತಿಲ್ಲ. ಹೊರಗಿನಿಂದ ಬರುವವನಿಗೆ ಟಾಕಿ ಗೊತ್ತು, ನೆಲ ಗೊತ್ತಿಲ್ಲ. ತರಬೇತಿ ಅಂದರೆ ಈ ಇಬ್ಬರೂ ಒಂದೇ ಗುಂಡಿಯೊಳಗೆ ಇಳಿದು ನಿಲ್ಲುವುದು.

ತರಬೇತಿಗೂ ನಾನು ಹೋಗಿ ಬಂದಿದ್ದೇನೆ. ಎಲ್ಲಿ, ಯಾರು ಮಾಡಿದ್ದು ಅಂತ ಹೇಳುವುದಿಲ್ಲ. ಒಂದು ದಿನದ್ದು. ಸಭಾಂಗಣ, ದೀಪ ಬೆಳಗುವುದು, ಸ್ವಾಗತ ಗೀತೆ. ನೂರಿಪ್ಪತ್ತು ಜನ. ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದರು. ಹಿಂದೆ ಕೂತವರಿಗೆ ಕಾಣಲಿಲ್ಲ. ಊಟ ಮಾತ್ರ ಚಲೋ ಇತ್ತು, ಸುಳ್ಳು ಯಾಕೆ ಹೇಳಲಿ. ಒಂದು ಬ್ಯಾಗು, ಒಂದು ಪೆನ್ನು, ಒಂದು ಪ್ರಮಾಣಪತ್ರ. ಆ ದಿನ ಅಲ್ಲಿ ಒಂದು ಬುಟ್ಟಿ ಉಸುಕು ಕೂಡ ಇರಲಿಲ್ಲ. ಪ್ರಮಾಣಪತ್ರ ನಮ್ಮ ಮನೆಯ ಗೋಡೆಯ ಮೇಲಿದೆ, ಕುಳ್ಳಿನ ಟಾಕಿಗಿಂತ ಎರಡು ವರ್ಷ ಹಳೇದು.

ಆ ತರಬೇತಿ ನಡೆದದ್ದು ಮಾರ್ಚ್ ಕೊನೇ ವಾರದಲ್ಲಿ. ಯಾಕೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಟಾಕಿ ಕೆಲಸಕ್ಕೆ ಮಾರ್ಚ್‌ಗಿಂತ ಕೆಟ್ಟ ತಿಂಗಳು ಇಲ್ಲ. ಗಾರೆ ಮೆತ್ತಿದ ಮೇಲೆ ಎರಡು ವಾರ ಗೋಣಿಚೀಲ ಸುತ್ತಿ ಹಗಲು ರಾತ್ರಿ ಹಸಿ ಇಡಬೇಕು. ಒಂದು ಮಧ್ಯಾಹ್ನ ಒಣಗಲು ಬಿಟ್ಟರೂ ಗೋಡೆಯ ಮೇಲೆ ಸಣ್ಣ ಸಣ್ಣ ಗೆರೆ ಏಳುತ್ತವೆ. ಮಾರ್ಚ್‌ನಲ್ಲಿ ಕುಡಿಯಲೇ ನೀರಿಲ್ಲ, ಗೋಡೆಗೆ ಎಲ್ಲಿಂದ ಹೊಡೆಯುವುದು? ಜೋಳ ಕೀಳುವ ಕೆಲಸವೂ ಆಗಲೇ. ಅದು ಮುಗಿಯುತ್ತಿದ್ದ ಹಾಗೆ ಅರ್ಧ ಊರು ಗುಳೆ ಹೊರಡುತ್ತದೆ. ಕಲಿಯುವವರೇ ಊರಲ್ಲಿ ಇರುವುದಿಲ್ಲ. ಎಳ್ಳಮಾಸಿಗೆ, ಅಂದರೆ ಡಿಸೆಂಬರ್-ಜನವರಿ ಹೊತ್ತಿಗೆ, ಚರಗ ಚೆಲ್ಲಿ ಬಂದ ಮೇಲೆ ಶುರು ಮಾಡಿ. ಹಿಂಗಾರಿ ಬಿತ್ತಿ ಆಗಿರುತ್ತದೆ, ಬಾವಿಯಲ್ಲಿ ನೀರು ಇರುತ್ತದೆ, ಬಿಸಿಲು ಹದವಾಗಿರುತ್ತದೆ, ಜನ ಊರಲ್ಲಿರುತ್ತಾರೆ. ಸಿದ್ಧೇಶ್ವರ ಜಾತ್ರೆಗೆ ನಾಲ್ಕು ದಿನ ರಜೆ ಕೊಟ್ಟರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಗೋಣಿಗೆ ನೀರು ಹೊಡೆಯಲು ಒಬ್ಬರು ಊರಲ್ಲಿ ಉಳಿಯಬೇಕು.

ನೂರಿಪ್ಪತ್ತು ಜನ ಬೇಡ. ಹನ್ನೆರಡು, ಹೆಚ್ಚೆಂದರೆ ಹದಿನೈದು. ಅದರಲ್ಲಿ ಅರ್ಧ ಹೆಣ್ಣುಮಕ್ಕಳು. ಇದನ್ನು ಮೆಚ್ಚಿಸಲು ಹೇಳುತ್ತಿಲ್ಲ. ಎರಡನೇ ಟಾಕಿ ಕಟ್ಟುವಾಗ ಜಾಳಿಗೆಗೆ ತಂತಿ ಬಿಗಿಯುವ ಕೆಲಸಕ್ಕೆ ನನಗೆ ಆಳು ಸಿಗಲಿಲ್ಲ. ನನ್ನ ಹೆಂಡತಿ ಮತ್ತು ಅವಳ ಸಂಘದ ನಾಲ್ವರು ಕೂತರು. ಎರಡು ಪದರ ಜಾಳಿಗೆ ಎಲ್ಲೂ ಜೋಲು ಬೀಳದ ಹಾಗೆ, ಆರಾರು ಇಂಚಿಗೆ ಒಂದು ಗಂಟು ಹಾಕಬೇಕು. ನಾನು ಎರಡು ದಿನ ಅಂದುಕೊಂಡಿದ್ದೆ. ಅವರು ಸಂಜೆಯೊಳಗೆ ಮುಗಿಸಿದರು. "ಇದೇನು ಮಹಾ, ಕೌದಿ ಹೊಲದಂಗ ಐತಿ" ಅಂದರು. ಕೌದಿ ಹೊಲಿಯುವ ಕೈಗೆ ಪದರ ಬಿಗಿಯುವುದು ಹೇಳಿಕೊಡಬೇಕಾ? ಆಮೇಲೆ ಗಾರೆ ಮೆತ್ತುವಾಗಲೂ ಅವರೇ ಒಳಗಿನಿಂದ ಹಲಗೆ ಒತ್ತಿ ಹಿಡಿದರು. ಅವರಲ್ಲಿ ಒಬ್ಬಳು ಈಗ ಗಾರೆ ನೋಡಿಯೇ "ಯಣ್ಣಾ, ನೀರ ಜಾಸ್ತಿ ಆತು" ಅನ್ನುತ್ತಾಳೆ. ಅವಳು ಹೇಳುವುದು ಸರಿಯೇ ಇರುತ್ತದೆ. ಒಂದು ಚೀಲ ಸಿಮೆಂಟಿಗೆ ಇಪ್ಪತ್ತು ಇಪ್ಪತ್ತೆರಡು ಲೀಟರ್ ದಾಟಬಾರದು. ಮೆತ್ತಲು ಸಲೀಸು ಅಂತ ನಾವು ಗೌಂಡಿಗಳು ಕೊಡ ಬಗ್ಗಿಸಿಬಿಡುತ್ತೇವೆ. ಸೋರುವ ಟಾಕಿಗಳಲ್ಲಿ ಎಷ್ಟೋ ಸೋರುವುದು ಆ ಒಂದು ಕೊಡದಿಂದ.

ಬ್ರೆಜಿಲ್ ದೇಶದ ಮಾತು ಇಲ್ಲಿ ಹೇಳಬೇಕು. ಇದೂ ಮಗಳು ಓದಿ ಹೇಳಿದ್ದು, ಎರಡು ಸಲ ಓದಿಸಿದೆ. ಆ ದೇಶದ ಈಶಾನ್ಯ ಭಾಗ ನಮ್ಮ ಹಾಗೇ ಒಣ ನಾಡು. ಅಲ್ಲಿ ಮನೊಯೆಲ್ ಅಪೊಲೊನಿಯೊ ದೆ ಕರ್ವಾಲ್ಯು ಅಂತ ಒಬ್ಬ ಗೌಂಡಿ ಇದ್ದ. ಜನ ನೆಲ್ ಅಂತ ಕರೆಯುತ್ತಿದ್ದರು. ದುಡಿಯಲು ಸಾವೊ ಪಾವ್ಲೊ ನಗರಕ್ಕೆ ಗುಳೆ ಹೋದ. ಅಲ್ಲಿ ಸಾಹುಕಾರರ ಮನೆಗಳಿಗೆ ಈಜುಕೊಳ ಕಟ್ಟುವ ಕೆಲಸ. ಸಿಮೆಂಟಿನ ಬಾಗಿದ ಹಲಗೆಗಳನ್ನು ಅಚ್ಚು ಹಾಕಿ, ಜೋಡಿಸಿ ಕೊಳ ಮಾಡುವುದು ಕಲಿತ. ಊರಿಗೆ ವಾಪಸ್ ಬಂದು ಅದೇ ಹಲಗೆಗಳಿಂದ ಮಳೆನೀರಿನ ದುಂಡನೆಯ ಟಾಕಿ ಮಾಡಿದ. ಈಜುಕೊಳ ಕಲಿಯಲು ಹೋದವನು ಕುಡಿಯುವ ನೀರು ತಂದ. ನಮ್ಮ ತಾಂಡಾಗಳಿಂದ ಗೋವಾ, ಪುಣೆಗೆ ಹೋದವರಲ್ಲಿ ಇಂಥವರು ಎಷ್ಟು ಜನ ಇರಬಹುದು ಅಂತ ಯಾರಾದರೂ ಕೇಳಿದ್ದಾರಾ?

ಆ ಟಾಕಿ ಊರಿಂದ ಊರಿಗೆ, ಗೌಂಡಿಯಿಂದ ಗೌಂಡಿಗೆ ಹೋಯಿತು. 2003ರಲ್ಲಿ ಅಲ್ಲಿನ ಸಂಘಟನೆಗಳು ಮತ್ತು ಸರ್ಕಾರ ಸೇರಿ ಹತ್ತು ಲಕ್ಷ ಟಾಕಿಯ ಕೆಲಸಕ್ಕೆ ಕೈ ಹಾಕಿದರು. ಒಂದೊಂದು 16 ಸಾವಿರ ಲೀಟರಿನದು. ಊರಿನ ಗೌಂಡಿಗಳಿಗೇ ತರಬೇತಿ. ಗುಂಡಿ ತೋಡುವುದು ಮನೆಯವರು. ಟಾಕಿ ಪಡೆಯುವ ಮನೆಯವರಿಗೆ ಮೊದಲು ನೀರು ಕಾಯುವುದು ಹೇಗೆ ಅಂತ ಪಾಠ, ಆಮೇಲೆ ಟಾಕಿ. ಹತ್ತು ಲಕ್ಷ ದಾಟಿದೆ ಈಗ.

ನಡುವೆ ಒಂದು ತಮಾಷೆ ನಡೆಯಿತು. 2011ರ ಹೊತ್ತಿಗೆ ಅಲ್ಲಿನ ಸರ್ಕಾರಕ್ಕೆ ಇದು ನಿಧಾನ ಅನ್ನಿಸಿತು. ಕಾರ್ಖಾನೆಯಲ್ಲಿ ಮಾಡಿದ ಪ್ಲಾಸ್ಟಿಕ್ ಟಾಕಿ ಲಕ್ಷಗಟ್ಟಲೆ ಕೊಳ್ಳಲು ಹೊರಟರು. ಜನ ಬೀದಿಗಿಳಿದರು. ಪುಕ್ಕಟೆ ಟಾಕಿ ಬೇಡ ಅಂತ ಜನ ಜಗಳ ಮಾಡುವುದನ್ನು ನಾನು ಕೇಳಿದ್ದು ಇದೇ ಮೊದಲು. ಕಟ್ಟುವ ಟಾಕಿಯ ದುಡ್ಡು ಊರಿನ ಗೌಂಡಿಗೆ, ಊರಿನ ಸಿಮೆಂಟ್ ಅಂಗಡಿಗೆ ಹೋಗುತ್ತದೆ. ಪ್ಲಾಸ್ಟಿಕ್ ಟಾಕಿಯದು ಲಾರಿ ಹತ್ತಿ ವಾಪಸ್ ಹೋಗುತ್ತದೆ. ಇದು ಅವರ ವಾದವಾಗಿತ್ತು. ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ.

ನಮಗೆ ಇದೆಲ್ಲ ಹೊಸದೇನೂ ಅಲ್ಲ. ನಮ್ಮ ವಿಜಯಪುರದಲ್ಲೇ 1620ರ ತಾಜ್ ಬಾವಡಿ ಇದೆ, 1651ರ ಬೇಗಂ ತಲಾಬ್ ಇದೆ, ತೊರವಿಯ ಸುರಂಗ ಬಾವಿ ಇದೆ. ತಲಾಬಿನ ನೀರು ಮಣ್ಣಿನ ಕೊಳವೆಯಲ್ಲಿ ಊರೊಳಗೆ ಬರುತ್ತಿತ್ತು. ಕೊಳವೆ ಒಡೆಯಬಾರದು ಅಂತ ನಡುನಡುವೆ ಗೋಪುರದಂಥ ಗಂಜ್ ಕಟ್ಟಿ ನೀರಿನ ಒತ್ತಡ ಇಳಿಸುತ್ತಿದ್ದರು. ಪ್ರವಾಸಿಗರಿಗೆ ಯಾವ ಸುಲ್ತಾನ, ಯಾವ ರಾಣಿ ಅಂತ ಹೇಳುತ್ತಾರೆ. ನಾನು ಹೋದಾಗಲೆಲ್ಲ ಸುಣ್ಣದ ಗಾರೆ ಮುಟ್ಟಿ ನೋಡಿ ಬರುತ್ತೇನೆ. ಇದನ್ನು ಕಲಸಿದವರು ಯಾರಿಗೆ ಕಲಿಸಿ ಹೋದರು, ಆ ಸಾಲು ಎಲ್ಲಿ ತುಂಡಾಯಿತು ಅಂತ ಯೋಚನೆ ಬರುತ್ತದೆ. ಇರಲಿ, ಅದು ಬೇರೆ ಮಾತು.

ಈಗ ನಿಮ್ಮ ಕೈಯಲ್ಲಿ ಏನು ಆಗಬಹುದು ಅಂತ ಹೇಳುತ್ತೇನೆ.

ದುಡ್ಡಿನ ದಾರಿ ಇದೆ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ 100ಕ್ಕೆ 60 ರೂಪಾಯಿ ನೀರು ಮತ್ತು ನೈರ್ಮಲ್ಯಕ್ಕೇ ಅಂತ ಕಟ್ಟಿಹಾಕಿತ್ತು. ಅದರ ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ, ನೀರಿನ ಮರುಬಳಕೆಗೆ. ಮಳೆನೀರು ಅನ್ನುವ ಪದ ನಿಯಮದಲ್ಲೇ ಇತ್ತು. ನಮ್ಮ ಕಡೆ ಆ ದುಡ್ಡು ಪೈಪು, ಮೋಟರ್‌ಗೆ ಹೋದದ್ದೇ ಜಾಸ್ತಿ. ಮುಂದಿನ ದುಡ್ಡಿನಲ್ಲಿ ಸ್ವಲ್ಪ ಭಾಗ ಕಲಿಸಲು ತೆಗೆದಿಡಿ.

ಟೆಂಡರ್ ಪೂರ್ತಿ ಬಿಡಿ ಅನ್ನುತ್ತಿಲ್ಲ. ಪ್ರತಿ ಪಂಚಾಯಿತಿಯಲ್ಲಿ ಮೊದಲ ಐದು ಟಾಕಿಯನ್ನಾದರೂ ತರಬೇತಿಯ ಟಾಕಿ ಮಾಡಿ. ಅವು ಸದಸ್ಯರ ಮನೆಯ ಹಿತ್ತಲಲ್ಲಿ ಬೇಡ. ಅಂಗನವಾಡಿ ಇರಲಿ, ಒಂಟಿ ಹೆಣ್ಣುಮಗಳ ಮನೆ ಇರಲಿ, ನಲ್ಲಿಯ ಕೊನೆಯಲ್ಲಿರುವ ತಾಂಡಾ ಇರಲಿ. ಹತ್ತು ದಿನ ಕಲಿಯುವವರಿಗೆ ಆ ಹತ್ತು ದಿನದ ಕೂಲಿ ಕೊಡಿ. ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ದಿನಗೂಲಿ ಬಿಟ್ಟು ಪುಕ್ಕಟೆ ಕಲಿಯಲು ಬರುವವನು ಬಡವನಲ್ಲ, ಅಥವಾ ಊಟಕ್ಕೆ ಬಂದವನು.

ಜಿಲ್ಲೆಗೊಂದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ಇದೆ. ಹೊಲಿಗೆ, ಹೈನುಗಾರಿಕೆ, ಮೊಬೈಲ್ ರಿಪೇರಿ ಪುಕ್ಕಟೆ ಕಲಿಸುತ್ತಾರೆ. ಆ ಪಟ್ಟಿಗೆ ಇದನ್ನೂ ಸೇರಿಸಲು ಹೇಳಿ. ಸಂಜೀವಿನಿ ಸಂಘಗಳ ಹೆಣ್ಣುಮಕ್ಕಳು ತಾವೇ ತಂಡ ಕಟ್ಟಿಕೊಂಡು ಪಕ್ಕದ ಊರಿಗೆ ಟಾಕಿ ಕಟ್ಟಲು ಹೋಗುವ ದಿನ ಬಂದರೂ ಬರಬಹುದು.

ಒಬ್ಬ ಇಂಜಿನಿಯರ್ ಸಾಹೇಬರ ಹತ್ತಿರ ಈ ಮಾತು ಎತ್ತಿದಾಗ, "ಇಷ್ಟು ತೆಳು ಗೋಡೆಗೆ ನಾನು ಸಹಿ ಹಾಕಿದರೆ ನಾಳೆ ನನ್ನ ಕುತ್ತಿಗೆಗೆ ಬರುತ್ತದೆ" ಅಂದರು. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಅಚ್ಚು ಹಾಕಿ ಮಾಡುವ ಫೆರೋಸಿಮೆಂಟ್ ಟಾಕಿಗೆ, 250ರಿಂದ 10 ಸಾವಿರ ಲೀಟರಿನವರೆಗೆ, 1992ರಿಂದಲೇ ಭಾರತೀಯ ಮಾನಕ ಇದೆ. ಐಎಸ್ 13356 ಅದರ ನಂಬರ್. ನಾವು ಜಾಗದಲ್ಲೇ ಕಟ್ಟುವುದಕ್ಕೆ ಅದನ್ನೇ ಹಿಡಿದು ಒಂದು ಅಂದಾಜುಪಟ್ಟಿ ಮಾಡಿಕೊಟ್ಟರೆ ಕೆಳಗಿನ ಸಾಹೇಬರುಗಳಿಗೆ ಧೈರ್ಯ ಬರುತ್ತದೆ. ಇದು ನಿಮ್ಮ ಒಂದು ಸಹಿಯ ಕೆಲಸ.

ಪಾಠದಲ್ಲಿ ಕಟ್ಟುವುದಷ್ಟೇ ಇದ್ದರೆ ಸಾಲದು. ಉಸುಕು ನೋಡುವುದು ಕಲಿಸಿ. ಒಂದು ಗಾಜಿನ ಬಾಟಲಿಗೆ ಉಸುಕು, ನೀರು ಹಾಕಿ ಅಲ್ಲಾಡಿಸಿ ಇಟ್ಟರೆ ಮಣ್ಣು ಮೇಲೆ ಕೂರುತ್ತದೆ. ಎಷ್ಟು ಮಣ್ಣಿದೆ ಅಂತ ಕಣ್ಣಿಗೇ ಕಾಣುತ್ತದೆ. ನಮ್ಮ ಹಳ್ಳದ ಉಸುಕಿಗೆ ಈ ಪರೀಕ್ಷೆ ಮಾಡದೆ ಮುಟ್ಟಬಾರದು. ಹೊಸ ಟಾಕಿಯ ಮೊದಲ ನೀರು ಚೆಲ್ಲಬೇಕು, ಅದರಲ್ಲಿ ಸಿಮೆಂಟಿನ ಕ್ಷಾರ ಇರುತ್ತದೆ. ವರ್ಷದ ಮೊದಲ ಮಳೆ ಚಾವಣಿ ತೊಳೆಯಲು, ಅದನ್ನು ಒಳಗೆ ಬಿಡಬಾರದು. ಮುಚ್ಚಳ ಬಿಗಿ ಇರಬೇಕು. ಸಂದು ಇದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ, ಆಮೇಲೆ ಡೆಂಗಿ ಬಂದರೆ ಜನ ಟಾಕಿಯನ್ನೇ ಬಯ್ಯುತ್ತಾರೆ. ನಲ್ಲಿ ತಳದಿಂದ ಅರ್ಧ ಅಡಿ ಮೇಲೆ ಇರಬೇಕು, ಕೆಳಗಿನ ಗಸಿ ಬರದ ಹಾಗೆ. ಕುಡಿಯುವ ಮುಂಚೆ ಕುದಿಸುವುದು ಒಳ್ಳೆಯದು. ಇವೆಲ್ಲ ಗೌಂಡಿಗಿಂತ ಮನೆಯಾಕೆಗೆ ಜಾಸ್ತಿ ಬೇಕಾದ ಪಾಠ. ಟಾಕಿಯ ಜೊತೆ ದಿನಾ ಬಾಳುವವಳು ಅವಳು ತಾನೇ.

ಕಲಿಸಿದವರು ಒಂದು ಮಳೆಗಾಲ ಮುಗಿದ ಮೇಲೆ ಮತ್ತೆ ಬರಬೇಕು. ಒಂದು ಬೇಸಿಗೆ ಮುಗಿದ ಮೇಲೆ ಇನ್ನೊಮ್ಮೆ. ಎರೆ ಮಣ್ಣು ತನ್ನ ಬುದ್ಧಿ ತೋರಿಸುವುದು ಬೇಸಿಗೆಯಲ್ಲಿ. ಬಿಲ್ಲಿನ ಕೊನೇ ಕಂತನ್ನು ಆ ಎರಡನೇ ಭೇಟಿಯ ತನಕ ತಡೆದಿಡಿ, ಬೇಕಾದರೆ.

ಹನ್ನೆರಡು ಜನಕ್ಕೆ ಕಲಿಸಲು ನಾನು ತಯಾರಿದ್ದೇನೆ. ಜೊತೆಗೆ ಓದಿದ ಒಬ್ಬ ಇಂಜಿನಿಯರ್ ಬೇಕು, ಅಂಗಿ ಕೊಳೆಯಾದರೆ ಬೇಸರ ಮಾಡಿಕೊಳ್ಳದವರು. ಸಾಹೇಬರೇ, ನೀವೂ ಒಮ್ಮೆ ನಮ್ಮ ಹಿತ್ತಲಿಗೆ ಬನ್ನಿ. ಮೊದಲು ಕುಳ್ಳಿನ ಟಾಕಿ ನೋಡಿ, ಬಿರುಕಿನೊಳಗೆ ಬೆರಳು ಹಾಕಿ ನೋಡಿ. ಆಮೇಲೆ ಇನ್ನೊಂದರ ನಲ್ಲಿ ತಿರುವಿ ಒಂದು ಲೋಟ ಕುಡಿಯಿರಿ. ಬುಧವಾರ ಬೇಡ, ಅವತ್ತು ನಮ್ಮೂರ ಸಂತೆ, ಮನೆಯಲ್ಲಿ ಯಾರೂ ಇರುವುದಿಲ್ಲ.

ಇಂತಿ,
ಡೋಣಿ ದಂಡೆಯ ಒಬ್ಬ ಗೌಂಡಿ